ಗಣನೆಗಿಲ್ಲ

ಹಿತ್ತಲೆಂದರೆ ಇಷ್ಟೇ:
ಹದಿನೆಂಟು ಫೂಟು ಉದ್ದ, ಹನ್ನೊಂದು ಅಗಲ.
ಬಟ್ಟೆ ಒಗೆಯುವ ಕಲ್ಲು, ಒಂದು ತಂತಿ,
ಮನೆ ಕಟ್ಟಿದವರು ಬಿಟ್ಟುಹೋದ ಅರ್ಧ ಚೀಲ ಸಿಮೆಂಟು,
ಚೀಲ ಹರಿದುಹೋಗಿ ಚೀಲದ ಆಕಾರ ಮಾತ್ರ ಉಳಿದದ್ದು.
ನವನಗರದ ಈ ಸೆಕ್ಟರಿನಲ್ಲಿ ಹಾರೆ ಊರಿದರೆ
ಒಂದು ಗೇಣು ಗರಸು,
ಆಮೇಲೆ ಠಣ್.

ಗುರುಸಿದ್ದ ಅನ್ನುತ್ತಾನೆ: ಬೇವು ಹಚ್ಚೂಣು.
ನಾನು: ಬೇವು ಬೆಳದಮ್ಯಾಲ ದಾದಾಪೀರಣ್ಣನ ಗ್ವಾಡಿಗೆ ಏನ್ ಹೇಳೂದು?
ಹಂಗಾರ ತೆಂಗು.
ತೆಂಗಿನ ನೆರಳು ಬೀಳೂದು ಮಂದಿ ಮನಿಯಾಗ.
ಮೋಟಾರು ಸುತ್ತುವ ಮನುಷ್ಯ ಇವನು.
ತಾಮ್ರದ ತಂತಿ ಒಂದು ಸುತ್ತು ತಪ್ಪಿದರೂ
ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತುತ್ತಾನೆ;
ಗಿಡಕ್ಕೆ ಮಾತ್ರ ಇವತ್ತೇ ನೆರಳು ಬೇಕು.

ಗದ್ದನಕೇರಿ ಕ್ರಾಸಿನ ದಾರಿಯಲ್ಲಿ
ಹಸಿರು ಬಲೆಯ ಕೆಳಗೆ ಯಮನೂರನ ನರ್ಸರಿ.
'ಅಕ್ಕಾರ, ಈ ಪೇರಲ ಒಂದ ವರ್ಷಕ್ಕ ಹಣ್ಣು.
ಈ ಲಿಂಬಿ ವರ್ಷಪೂರ್ತಿ.
ಈ ದಾಸವಾಳ ಮೂರು ಬಣ್ಣ, ಒಂದ ಗಿಡಕ್ಕ.'
ಒಣಗಿದರ?
'ಒಣಗಿದರ ಮತ್ತೊಂದು ಒಯ್ರಿ.'
ರೊಕ್ಕ?
ಅವನು ಪೈಪು ಹಿಡಿದು ಆ ಕಡೆ ನೀರು ಬಿಡಲು ಹೋದ.

ಕರೆಂಟಿನ ಬಿಲ್ಲಿನ ಹಿಂದೆ ನಕ್ಷೆ ಬರೆದೆ.
ಬಚ್ಚಲ ನೀರು ಹರಿಯುವಲ್ಲಿ ಕರಿಬೇವು,
ಸಾಬೂನು ಕುಡಿದೂ ಬದುಕೀತು.
ಲಿಂಬಿ ತಂತಿಯಿಂದ ದೂರ, ಸೀರೆ ಹರಿಯುತ್ತದೆ.
ನುಗ್ಗಿ ಬೇಡ. ಮೊದಲ ಗಾಳಿಗೆ ಟೊಂಗೆ ಲಟಕ್ಕನೆ,
ಉಳಿದ ಕಾಂಡದ ತುಂಬ ಕಂಬಳಿಹುಳ.
ಸೀತಾಫಲ ಇರಲಿ. ಕಲ್ಲಿನ ಜೊತೆ ಜಗಳವಾಡದ ಗಿಡ.
ಪಡುವಣ ಗೋಡೆ ಖಾಲಿ ಉಳಿಯಿತು.
ಮೂರು ಗಂಟೆಯ ಬಿಸಿಲು ಅಲ್ಲಿ
ಕಾದ ಹಂಚಿನ ಹಾಗೆ ಒರಗಿಕೊಂಡಿರುತ್ತದೆ.

ಆಗ ಅತ್ತೆ ಪಾರವ್ವ ಟ್ರಂಕು ತೆರೆದು
ಒಂದು ಹಾಳೆ ತಂದಳು. ನೀಲಿ ಕಾರ್ಬನ್ ಪ್ರತಿ,
ಮಡಿಕೆಯಲ್ಲಿ ಸೀಳಿದ್ದು. ಮುಳುಗಡೆಗೆ ಹೋದ ಹಿತ್ತಲ ಲೆಕ್ಕ.

ಹುಣಸೆ ಒಂದು, ಸುತ್ತಳತೆ ಇಷ್ಟು.
ನಿಂಬೆ ಎರಡು, ಫಲಭರಿತ.
ಕರಿಬೇವು ಒಂದು.
ಪೊದೆ, ಹೂಗಿಡ ಇತ್ಯಾದಿ: ಗಣನೆಗಿಲ್ಲ.

ಆಕೆಗೆ ಓದು ಬರದು, ಸಾಲಿನ ಲೆಕ್ಕ ಬರುತ್ತದೆ.
ಕೊನೆಯ ಸಾಲಿನ ಮೇಲೆ ಬೆರಳಿಟ್ಟು
'ಇಲ್ಲಿ ಏನ್ ಬರದಾರ?' ಎಂದಳು.
ಓದಿ ಹೇಳಿದೆ.
ನಕ್ಕಳು, ಸೆರಗು ಬಾಯಿಗೆ ಹಿಡಿದು.

'ಗೊರಟಿ ಅದು, ಹಳದೀದು. ನಾ ಹಚ್ಚಿದ್ದಲ್ಲ, ತಾನ ಬಂದಿತ್ತು.
ಅಳ್ಯಾಕ ಬಂದಾಂವ ಟೇಪಿನ ತುದಿ ನನ್ನ ಕೈಯಾಗ ಕೊಟ್ಟು
ಅಲ್ಲೇ ನಿಂದರವ್ವಾ ಅಂದ.
ನಾ ನಿಂತಿದ್ದು ಗೊರಟಿ ನಡುವ.
ಮುಳ್ಳು ಮೊಣಕಾಲಿಗೆ ಚುಚ್ಚತಿತ್ತು.
ಹುಣಸಿ ಅಳದ, ಬಾವಿ ಅಳದ, ದನದ ಕೊಟಗಿ ಅಳದ.
ಎಲ್ಲಾ ಅಳತಿ ಅಲ್ಲಿಂದನ ಸುರು.'

ಯಮನೂರ ಗೊರಟಿ ಮಾರುವುದಿಲ್ಲ.
'ಅದನ್ನ ರೊಕ್ಕಾ ಕೊಟ್ಟು ಯಾರ ಒಯ್ತಾರ್ರಿ ಅಕ್ಕಾರ?'
ಎರಡು ದಿನ ಕೇಳಿದೆ, ಅಲ್ಲಿ ಇಲ್ಲಿ.
ಕೊನೆಗೆ ಗೋಡೆಯಾಚೆಯಿಂದ ಹಾಜರಾಬಿ,
ತವರಿನಿಂದ ತಂದು ಡಬ್ಬಿಯಲ್ಲಿ ಊರಿದ್ದಳಂತೆ,
ಎರಡು ಕಡ್ಡಿ ಮುರಿದು ಕೊಟ್ಟಳು,
ಒದ್ದೆ ಪೇಪರಿನಲ್ಲಿ ಸುತ್ತಿ.
ಆರು ವರ್ಷ ನಾನದನ್ನು ಕಸವೆಂದೇ ನೋಡಿದ್ದೆ.

ಪಡುವಣ ಗೋಡೆಗೆ ತಗ್ಗು ತೋಡಿದೆವು.
ಗುರುಸಿದ್ದ ಠಣ್ ಅನ್ನುವವರೆಗೆ, ಅದರಾಚೆಗೂ ಒಂದಿಷ್ಟು.
ಕೆರೆಮಣ್ಣು ಎರಡು ಪುಟ್ಟಿ. ಅಕ್ಕಿ ತೊಳೆದ ನೀರು.
ಮೂರನೇ ದಿನ ಎಲೆ ಬಾಡಿತು.
ಏಳನೇ ದಿನ ಎಲೆಯೇ ಇರಲಿಲ್ಲ.
ಪಾರವ್ವ ಕುಕ್ಕುರುಗಾಲಲ್ಲಿ ಕೂತು
ಉಗುರಿನಿಂದ ಕಡ್ಡಿ ಕೆರೆದು ನೋಡಿ
'ಒಳಗ ಹಸರೈತಿ' ಎಂದಳು.
ಇನ್ನೊಂದು ಕಡ್ಡಿಯ ಬಗ್ಗೆ ಏನೂ ಅನ್ನಲಿಲ್ಲ.

ಸಿಮೆಂಟಿನ ಚೀಲ ಇನ್ನೂ ಅಲ್ಲೇ ಇದೆ.
ಸಂಜೆ ಅದರ ಮೇಲೆ ಕೂತು ಚಹಾ ಕುಡಿಯುತ್ತ
ಗುರುಸಿದ್ದ ಮತ್ತೆ ಬೇವಿನ ಮಾತು ತೆಗೆಯುತ್ತಾನೆ.