ನಡುನೀರು

ನನ್ನ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಮೂರು.
ಒಂದು ಅಂದರೆ ನಮ್ಮವರು, ಐದು ಅಂದರೆ ಆ ಕಡೆಯವರು,
ಐದರ ಬಾಗಿಲು ತಟ್ಟಬೇಡ ಎಂದಿದ್ದಾರೆ ಕಚೇರಿಯಲ್ಲಿ.
ಮೂರರ ಮನೆಗೆ ಎರಡು ಸಲ ಹೋಗು,
ನಗುತ್ತಾ ಹೋಗು, ಬಣ್ಣದ ಅಂಗಿ ಬೇಡ.

ಮಾರ್ಲಿಸ್ ಸ್ಕೋಗ್‌ಲಂಡ್, ವಯಸ್ಸು ಎಪ್ಪತ್ತೊಂದು,
ವಿಸ್ಕಾನ್ಸಿನ್ನಿನ ಈ ಕಾಗದದ ಊರಿನಲ್ಲಿ
ಶಾಲೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ.
ದಿನಾ ಎರಡು ಹೊತ್ತು ರಸ್ತೆಯ ನಟ್ಟನಡುವೆ ನಿಲ್ಲುವವಳು.
ಸಭೆಯಲ್ಲಿ ಯಾರೋ ಇದನ್ನು ಹೇಳಿದಾಗ
ನಾವೆಲ್ಲ ನಕ್ಕಿದ್ದೆವು.

ಅಕ್ಟೋಬರ್. ಬೀದಿಯುದ್ದಕ್ಕೂ ಹುಲ್ಲಿನಲ್ಲಿ ನೆಟ್ಟ ಫಲಕಗಳು,
ಈ ಮನೆ ಕೆಂಪು, ಆ ಮನೆ ನೀಲಿ,
ಎರಡಕ್ಕೂ ರಟ್ಟು ಒಂದೇ ಗಿರಣಿಯದು.
ನದಿಯ ತಿರುವಿನಲ್ಲಿ ಹಗಲಿರುಳು ಹೊಗೆಯಾಡುವ ಗಿರಣಿ.
ನಮಗೆಷ್ಟು ಕೊಟ್ಟರೋ ಅವರಿಗೂ ಅಷ್ಟೇ ಕೊಟ್ಟಿದ್ದಾರೆ ಯಜಮಾನರು,
ಒಂದು ಡಾಲರ್ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.
"ಕಂಪನಿಗೆ ಪಕ್ಷವಿಲ್ಲ" ಎನ್ನುತ್ತಾರೆ,
ತಕ್ಕಡಿ ಹಿಡಿದವರ ಹಾಗೆ ಕಣ್ಣು ಕಿರಿದುಮಾಡಿ.

ಕೂರು ಅಂದಳು. ಕೂತೆ. ಬಾಯಿಪಾಠ ಶುರುಮಾಡಿದೆ:
ತೆರಿಗೆ, ಆಸ್ಪತ್ರೆ,
ನಿಮ್ಮಂಥ ಮಧ್ಯದವರೇ ಈ ದೇಶದ ಬೆನ್ನೆಲುಬು.
"ಬೆನ್ನಲ್ಲ, ನಡು," ಅಂದಳು. "ನೋಯುವುದು ಅದೇ."
ಒಳಗೆ ಹೋದಳು. ನಲ್ಲಿ ತಿರುಗಿದ ಸದ್ದು.
"ನಡೆದು ನಡೆದು ಬಾಯಾರಿರಬೇಕು ನಿನಗೆ."

ಆಗ ಕಂಡಿತು ಕಂಬಿಯ ಮೇಲೆ ಇನ್ನೊಂದು ಲೋಟ.
ತುಂಬಿದ್ದು. ಅದರಲ್ಲೊಂದು ಮೇಪಲ್ ಎಲೆಯ ಚೂರು.
"ನಾಲ್ಕು ಗಂಟೆಗೆ ಆ ಕಡೆಯ ಹುಡುಗ ಬಂದಿದ್ದ.
ಒಳ್ಳೆಯವನು, ನಿನ್ನ ಹಾಗೇ. ತೆರಿಗೆ, ಆಸ್ಪತ್ರೆ.
ಅವನಿಗೂ ಬಾಯಾರಿರಲಿಲ್ಲ."

ಬಾವಿಗಳಿಗೆ ಏನಿಳಿದಿದೆಯೆಂದು ಊರಿಗೆಲ್ಲ ಗೊತ್ತು.
ಪಿಜ್ಜಾ ಡಬ್ಬಕ್ಕೆ ಎಣ್ಣೆ ಹತ್ತದ ಹಾಗೆ ಬಳಿಯುವ ಲೇಪ,
ಕುದಿಸಿದರೂ ಹೋಗದ್ದು.
ನಮ್ಮ ಕರಪತ್ರದಲ್ಲಿ ಅದು ಅವರ ತಪ್ಪು,
ಅವರದರಲ್ಲಿ ನಮ್ಮದು,
ಗಿರಣಿಯ ಹೆಸರು ಎರಡರಲ್ಲೂ ಇಲ್ಲ.
ಶನಿವಾರ ಅಗ್ನಿಶಾಮಕ ಠಾಣೆಯೆದುರು ಕಂಪನಿಯವರು
ಬಾಟಲಿ ಹಂಚುತ್ತಾರೆ. ಲೇಬಲ್ಲಿನಲ್ಲಿ ಕೈಕುಲುಕುವ ಚಿತ್ರ,
ಕೆಳಗೆ: ಹೊಣೆಯರಿತ ನೆರೆಯವರು.
ಮನೆಗೆ ಎಂಟು. ಎಣಿಸಿ ಕೊಡುತ್ತಾರೆ.

ಲೋಟ ನನ್ನ ಕೈಯಲ್ಲಿ ತಣ್ಣಗಿತ್ತು.
ನೀರು ನೋಡಲು ನೀರಿನ ಹಾಗೇ ಇತ್ತು.
ಇಲ್ಲೊಂದು ಮಾತು ಹೇಳಬೇಕಿತ್ತು,
ಕಾಗದದಲ್ಲಿ ಅದಕ್ಕೆ ಜಾಗ ಬಿಟ್ಟಿರಲಿಲ್ಲ.

"ನಡುವಿನವಳು ಅನ್ನುತ್ತೀರಿ ನನ್ನನ್ನು.
ಇಲ್ಲಿಂದ ಎರಡೂ ದಡ ಕಾಣುತ್ತವೆ, ಮಗೂ.
ದಡದ ಮೇಲಿನ ಜಗಳವೂ ಕೇಳುತ್ತದೆ.
ನಡುನೀರಲ್ಲಿ ಕೈಬಿಟ್ಟ ಮೇಲೆ
ಬಿಟ್ಟದ್ದು ಎಡಗೈಯೋ ಬಲಗೈಯೋ
ಯಾರು ನೋಡಲು ಹೋಗುತ್ತಾರೆ?"

ಕೋಪವಿರಲಿಲ್ಲ ಧ್ವನಿಯಲ್ಲಿ.
ಮಗುವಿಗೆ ರಸ್ತೆ ತೋರಿಸುವಾಗ ಹೀಗೇ ಮಾತಾಡುತ್ತಾಳೇನೋ.

ಮೊದಲ ಲೋಟದ ಪಕ್ಕ ನನ್ನದನ್ನೂ ಇಟ್ಟು ಮೆಟ್ಟಿಲಿಳಿದೆ.
ಕಾರಿನಲ್ಲಿ ಕೂತು
ಮೂರನ್ನು ಹೊಡೆದು ಹಾಕಿದೆ, ಬೇರೇನೂ ಬರೆಯಲಿಲ್ಲ.
ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸಿ ಕುಡಿದೆ, ಗಟಗಟ.
ಲೇಬಲ್ಲು ಬೆಳಿಗ್ಗೆಯೇ ಕಿತ್ತಿದ್ದೆ.
ಅಂಟು ಮಾತ್ರ ಬೆರಳಿಗೆ ಹತ್ತುತ್ತಿತ್ತು.