ಹಲ್ಲಿನ ಲೆಕ್ಕ

ಅಕ್ಟೋಬರಿನಲ್ಲಿ ಬಂದಿಳಿದಳು ಸಿಗ್ರುನ್, ನಾರ್ವೆಯ ಹಾಮಾರಿನಿಂದ,
ಒಂದೇ ಚೀಲ, ಒಳಗೆ ಕಂದು ಚೀಸಿನ ಗಡ್ಡೆ.
ನಮ್ಮ ಮುತ್ತಜ್ಜಂದಿರು ಅಣ್ಣತಮ್ಮಂದಿರು:
ಅಣ್ಣನ ಪಾಲಿಗೆ ಹೊಲ, ತಮ್ಮನಿಗೆ ಹಡಗಿನ ಚೀಟಿ.
ಆ ಪಾಲು ಸರಿಯಿತ್ತೇ ಎಂದು
ನೂರಿಪ್ಪತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಡುಲೂತಿನ ನಮ್ಮ ಬೀದಿಯಲ್ಲಿ ಆಗ
ಮರದಡಿ ಎಲೆಗಿಂತ ಫಲಕಗಳೇ ಹೆಚ್ಚು.
ಹುಲ್ಲಿಗೂ ಪಕ್ಷವಿತ್ತು.
ಟಿವಿಯಲ್ಲಿ ಹವಾಮಾನ ಮುಗಿದರೆ ಸಾಕು,
ಹಲ್ಲು ಕಿರಿಯುವವನೊಬ್ಬ,
ಅವನ ಹಲ್ಲು ಮುರಿಯುತ್ತೇನೆನ್ನುವವನು ಮತ್ತೊಬ್ಬ.
'ಇಷ್ಟು ದುಡ್ಡು ಯಾರದು?' ಎಂದಳು.
ನಾನು ರಿಮೋಟ್ ಹುಡುಕತೊಡಗಿದೆ.

ಅವರದು ಹೋದ ವರ್ಷವೇ ಮುಗಿಯಿತಂತೆ.
ಚೌಕದಲ್ಲಿ ಪುಟ್ಟ ಮರದ ಗೂಡುಗಳು, ಪಕ್ಷಕ್ಕೊಂದು,
ಭುಜಕ್ಕೆ ಭುಜ ತಾಗಿಸಿ ನಿಂತಿದ್ದವಂತೆ.
ಎಡದವರ ಕಾಫಿ ಬರೀ ನೀರು,
ಬಲದವರದು ಬಿಸಿ ವಾಫಲ್, ರೈತರ ಪಕ್ಷದ್ದು ಸೇಬು.
ಮೂರನ್ನೂ ತಿಂದು
ನಾಲ್ಕನೆಯವರಿಗೆ ವೋಟು ಹಾಕಿ ಬಂದಳಂತೆ.

ನಾನು ಶಾಲೆಯ ಬಸ್ಸು ಓಡಿಸುವವಳು.
ಬೆಳಗಿನ ಐದಕ್ಕೆ ಎಂಜಿನ್ ಬಿಸಿ ಮಾಡುತ್ತ ಹೇಳಿದೆ:
ಮಗಳು ಕೋರಾ, ಹೆತ್ತ ಹನ್ನೆರಡನೇ ದಿನಕ್ಕೆ
ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿದ್ದಳು.
ತನ್ನ ರಜೆಯ ತಿಂಗಳುಗಳನ್ನು
ಬೆರಳು ಮಡಚಿ ಎಣಿಸಿದಳು ಸಿಗ್ರುನ್.
ಒಂದು ಕೈ ಮುಗಿಯಿತು.
ನಾಚಿ, ಇನ್ನೊಂದು ಕೈಯನ್ನು ಜೇಬಿಗಿಟ್ಟಳು.

ಆ ಜೇಬು ನನ್ನನ್ನು ಕೆಣಕಿತು.
'ತೆರಿಗೆ ಎಷ್ಟು ಕಟ್ಟುತ್ತೀ?' ಎಂದೆ.
ಮುಚ್ಚುಮರೆಯಿಲ್ಲದೆ ಹೇಳಿದಳು. ಕೇಳಿ ನನಗೇ ತಲೆ ತಿರುಗಿತು.
'ಸೊಂಟದ ಆಪರೇಷನ್ನಿಗೆ ಎಂಟು ತಿಂಗಳು ಕಾದೆ, ವರ್ನಾ.
ಬಿಲ್ಲು ಬರಲಿಲ್ಲ.
ನೋಡಲು ಯಾರೂ ಬರಲಿಲ್ಲ.
ಸರ್ಕಾರ ನೋಡಿಕೊಳ್ಳುತ್ತದಲ್ಲ, ಎಂದುಕೊಂಡರೋ ಏನೋ.
ನಮಗೂ ಪುಣ್ಯ ಸುಮ್ಮನೆ ಬರಲಿಲ್ಲ,
ಕಡಲಡಿ ಎಣ್ಣೆ ಸಿಕ್ಕಿತ್ತು.'

ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಪ್ಯಾನ್‌ಕೇಕ್ ಊಟ,
ಪಕ್ಕದ ಮನೆಯ ಡೆಲ್ಮರನ ಮೂತ್ರಪಿಂಡಕ್ಕಾಗಿ, ತಲೆಗೆ ಎಂಟು ಡಾಲರ್.
ಎರಡು ಚುನಾವಣೆಗಳಿಂದ ಅವನು ನನ್ನೊಡನೆ ಮಾತಾಡಿಲ್ಲ.
ಆದರೂ ಮೊದಲ ಹಿಮ ಬಿದ್ದ ದಿನ
ನಾನೇಳುವ ಮೊದಲೇ ನನ್ನ ದಾರಿ ಗೋರಿಟ್ಟಿರುತ್ತಾನೆ,
ನನ್ನ ಪಕ್ಷದ ಫಲಕಕ್ಕೆ ತಾಗದಂತೆ ಬಳಸಿಕೊಂಡು.
ತನ್ನ ಚಂದಾದ ಊಟಕ್ಕೆ ತಾನೇ ಹಿಟ್ಟು ಮಗುಚುತ್ತಿದ್ದ,
ಊದಿದ ಕಾಲಿಗೆ ಚಪ್ಪಲಿ, ಎದೆಗೆ ತನ್ನವರ ಬಿಲ್ಲೆ.
ಎರಡೂ ಬಣ್ಣದವರು ಬೆಣ್ಣೆ ದಾಟಿಸುತ್ತಿದ್ದರು, ಕಣ್ಣು ತಪ್ಪಿಸಿ.
'ಒಬ್ಬನ ಕಿಡ್ನಿಗೆ ಇಷ್ಟು ಜನ ತಿನ್ನಬೇಕೇ?'
ಸಿಗ್ರುನ್ ಮೆಲ್ಲಗೆ ಕೇಳಿದಳು. ಆಮೇಲೆ ಮತ್ತೆರಡು ಹಾಕಿಸಿಕೊಂಡಳು.

ಆಗ ಕಂಡದ್ದು: ಅವಳೂ ನನ್ನಂತೆ
ಬಲದವಡೆಯಲ್ಲೇ ಅಗಿಯುತ್ತಿದ್ದಾಳೆ.
'ನಿನ್ನದೂ ಹೋಯಿತೇ?'
'ಮೂರು ವರ್ಷ. ಹಲ್ಲು ಕಟ್ಟಿಸಲು ದುಡ್ಡು ನಮ್ಮದೇ.
ತೊಟ್ಟಿಲಿಂದ ಗೋರಿಯವರೆಗೆ ಎಲ್ಲವನ್ನೂ ಬರೆದರು,
ವಸಡಿನ ಹತ್ತಿರ ಬಂದಾಗ ಶಾಯಿ ಮುಗಿದಿರಬೇಕು.'
ಬಾಯ್ತೆರೆದು ತೋರಿಸಿದಳು, ನಾನೂ ತೋರಿಸಿದೆ.
ಐವತ್ತೆಂಟರ ಇಬ್ಬರು ಹೆಂಗಸರು
ಜೋನಿಸಕ್ಕರೆ ಪಾಕ ಸುರಿಸಿಕೊಂಡು ನಕ್ಕೆವು,
ಡೆಲ್ಮರ್ ಸೌಟು ಹಿಡಿದು ಬಂದ: 'ಏನಾಯಿತು?'
ಎರಡು ಚುನಾವಣೆಗಳ ಮೇಲಿನ ಮೊದಲ ಮಾತು.
ಉತ್ತರ ಹೇಳಲು ಬಾಯಿ ತುಂಬಿತ್ತು.

ಅವಳು ಹೋದಳು. ಚೀಸು ಅರ್ಧ ಉಳಿದಿದೆ,
ಸಿಹಿಯೋ ಉಪ್ಪೋ ಇನ್ನೂ ಗೊತ್ತಾಗಿಲ್ಲ.
ಮಂಗಳವಾರ ಸರದಿಯಲ್ಲಿ ನಿಂತೆ,
ಸರೋವರದ ಗಾಳಿ ಕಿವಿ ಕೊಯ್ಯುತ್ತಿತ್ತು,
ಮುಂದೆ ಡೆಲ್ಮರ್, ಮಡಚುವ ಕುರ್ಚಿ ತಂದಿದ್ದ.
ಪೆನ್ನು ಹಿಡಿದು ಆ ಹೆಸರುಗಳ ಮುಂದಿನ
ಸಣ್ಣ ಸೊನ್ನೆಗಳನ್ನು ತುಂಬುವಾಗ
ನಾಲಿಗೆ ಮಾತ್ರ ಮತ್ತೆ ಮತ್ತೆ
ಹೋಗುತ್ತಿತ್ತು ಆ ಖಾಲಿ ಜಾಗಕ್ಕೆ.