ಎಡಗಡೆಯ ಸೀಟು

ಮೂರೂ ಒಂದೇ ಹೆಸರಿನವು. ಮೂರನ್ನೂ ನಾನೇ ಓಡಿಸಿದ್ದು.

ಮೊದಲನೆಯದು ಎರಡು ಸಾವಿರದ ಒಂದರದು.
ನೆಲಕ್ಕೆ ಎಷ್ಟು ಹತ್ತಿರವೆಂದರೆ
ಹತ್ತುವುದಲ್ಲ, ಅದರೊಳಕ್ಕೆ ಇಳಿಯುವುದು.
ಸಿಂಹಗಡ ರಸ್ತೆಯ ಒಂದೊಂದು ಉಬ್ಬಿಗೂ
ಅತ್ತೆಯನ್ನು ಕೆಳಗಿಳಿಸಿ, ಹೊಟ್ಟೆ ಉಜ್ಜದಂತೆ ದಾಟಿಸಿ,
ಮತ್ತೆ ಹತ್ತಿಸಿಕೊಳ್ಳಬೇಕು.
"ಇದರಕಿಂತ ನಡಕೋತ ಹೋಗಿದ್ರ ಲಗೂನ ಮುಟ್ತಿದ್ವಿ"
ಅನ್ನುತ್ತಿದ್ದರು. ಸುಳ್ಳಲ್ಲ.
ಹೆಸರು ಸಿಟಿ; ಸಿಟಿಯೊಳಗೇ ಅದಕ್ಕೆ ಉಸಿರುಕಟ್ಟು.

ನಾನು ಅರಿವಳಿಕೆಯ ಡಾಕ್ಟರು.
ಹತ್ತರಿಂದ ಹಿಂದಕ್ಕೆ ಎಣಿಸಿ ಎಂದು
ದಿನವೆಲ್ಲ ಜನರಿಗೆ ಹೇಳುವವಳು.
ಏಳರ ಆಚೆ ಯಾರೂ ಹೋದ ನೆನಪಿಲ್ಲ.
ರಾತ್ರಿ ಎರಡಕ್ಕೆ ಫೋನು ಬಂದರೆ, ಕರ್ವೆ ರಸ್ತೆ ಖಾಲಿ,
ಈ ಕಾರು ಮೇಲಕ್ಕೆಣಿಸುತ್ತಿತ್ತು:
ಮೂರು ಸಾವಿರ, ನಾಲ್ಕು, ನಾಲ್ಕೂವರೆ,
ಐದು ದಾಟಿದ್ದೇ ತಡ ದನಿ ಒಡೆಯುತ್ತಿತ್ತು
ಮೀಸೆ ಚಿಗುರಿದ ಹುಡುಗನದರ ಹಾಗೆ,
ಬೆನ್ನು ಸೀಟಿಗೆ ಅಂಟುತ್ತಿತ್ತು.
ಯಾವ ಬಸುರಿಯೂ ನನಗಾಗಿ ಕಾಯಲಿಲ್ಲ.

ಎರಡನೆಯದು, ಒಂಬತ್ತರಲ್ಲಿ.
ಕಾಗದದ ಮೇಲೆ ಹನ್ನೆರಡು ಕುದುರೆ ಹೆಚ್ಚು.
ಉಬ್ಬು ಬಂದರೆ ಯಾರೂ ಇಳಿಯಬೇಕಿಲ್ಲ;
ಅತ್ತೆ ಹಿಂದಿನ ಸೀಟಿಗೆ ಹೋಗಿ ಕಾಲು ಚಾಚಿ ನಿದ್ದೆ ಮಾಡಿದರು.
ವೇಗ ಇತ್ತು. ವೇಗದ ಸುದ್ದಿ ಇರಲಿಲ್ಲ.
ಮೀಟರಿನಲ್ಲಿ ನೂರಿಪ್ಪತ್ತು, ಬೆನ್ನಿಗೆ ಗೊತ್ತೇ ಇಲ್ಲ.
ಒಳ್ಳೆಯ ಕಾರು. ಹದಿಮೂರು ವರ್ಷ ಅದನ್ನು
ಯಾರ ಹತ್ತಿರವೂ ದೂರಲಿಲ್ಲ, ಹೊಗಳಲೂ ಇಲ್ಲ.
ಎಕ್ಸ್‌ಚೇಂಜಿಗೆ ಕೊಟ್ಟ ದಿನ
ಡಿಕ್ಕಿಯ ಕೊಡೆಯನ್ನೂ ಮರೆತು ಬಂದೆ.

ಈಗಿನದಕ್ಕೆ ಕ್ಲಚ್ಚೇ ಇಲ್ಲ.
ಎಡ ಮೊಣಕಾಲಿಗೆ ಅದು ವರವೇ, ಒಪ್ಪಿದೆ.
ಸಿಗ್ನಲ್ಲಿನಲ್ಲಿ ಎಂಜಿನ್ನು ತಾನಾಗಿ ಮಲಗುತ್ತದೆ,
ನನ್ನ ಹಂಗಿಲ್ಲದೆ, ಎಣಿಸದೆ.
ಗೆರೆ ದಾಟಿದರೆ ಸ್ಟೀರಿಂಗು ಕೈ ಹಿಡಿದು ಜಗ್ಗುತ್ತದೆ,
ಮದುವೆಮನೆಯಲ್ಲಿ ಹಿರಿಯರನ್ನು ಕುರ್ಚಿಗೆ ನಡೆಸುವ ಹಾಗೆ.
ಪುಣೆಯಲ್ಲಿ ಯಾವ ಗೆರೆಯಪ್ಪ, ಅದನ್ನೇ ಕೇಳಬೇಕು.

ಹಳೆಯದನ್ನು ಮಾರಿರಲಿಲ್ಲ.
ಕೋಥರೂಡಿನ ಪಾರ್ಕಿಂಗಿನಲ್ಲಿ ಗೋಡೆ ಕಡೆ ಹೊದ್ದು ಮಲಗಿತ್ತು,
ವೈಪರಿನಡಿ ಸೊಸೈಟಿ ಸೆಕ್ರೆಟರಿಯ ಮೂರು ಚೀಟಿ.
ನಾನಾ ಪೇಠೆಯ ಇಸಾಕ್ ಬಾಗವಾನ
ನಾನೇ ಕೊಟ್ಟ ಹಳೆ ಸ್ಟೆತಸ್ಕೋಪು ಹಚ್ಚಿ ಕೇಳಿ,
"ಡಾಕ್ಟರ್‌ಬಾಯಿ, ನಾಡಿ ಸರಿ ಇದೆ,
ರಬ್ಬರುಗಳು ಮಾತ್ರ ಮುದಿಯಾಗಿವೆ" ಅಂದ.
ನನ್ನ ಮುಖ ನೋಡಿ ಅನ್ನಲಿಲ್ಲ, ಪುಣ್ಯ.

ಭಾನುವಾರ ಓಜಸ್ ಕುದಳೆ ಬಂದ.
ಚಾಕಣದ ಬೇರಿಂಗ್ ಕಾರ್ಖಾನೆಯಲ್ಲಿ ಕೆಲಸ,
ಕಾರಿಗಿಂತ ಹದಿನಾಲ್ಕು ತಿಂಗಳಿಗೆ ಚಿಕ್ಕವ.
ರೇಟು ಕೇಳಲಿಲ್ಲ. ಬಾನೆಟ್ಟು ಎತ್ತಿ
ಕೈ ಹಿಂದೆ ಕಟ್ಟಿ ಸುಮ್ಮನೆ ನಿಂತ.
ಬೋಪದೇವ ಘಾಟಿಗೆ ಹೋಗೋಣ ಅಂದೆ. ಕೀಲಿ ಕೊಟ್ಟೆ.

ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ ಎಡಗಡೆ ಕೂತೆ.
ಇಲ್ಲಿಂದ ಮೀಟರು ಕಾಣುವುದಿಲ್ಲ.
ತಿರುವು ಒಂದು ಕ್ಷಣ ಮೊದಲೇ ಬರುತ್ತದೆ, ಪ್ರಪಾತ ಇನ್ನೂ ಮೊದಲು.
ಬಾಗಿಲ ಮೇಲಿನ ಹಿಡಿಗೆ ಕೈ ಹೋಯಿತು:
ನುಣ್ಣಗೆ ಸವೆದಿತ್ತು,
ನಾಲ್ಕು ಬೆರಳಿಗೆ ನಾಲ್ಕು ತಗ್ಗು.
ಯಾರ ಬೆರಳೆಂದು ಗೊತ್ತು.
ನಡಕೋತ ಹೋಗೋಣ ಅಂದವರು
ನಿಧಾನ ಎಂದು ಒಂದು ದಿನವೂ ಅನ್ನಲಿಲ್ಲವಲ್ಲ.

ಹುಡುಗ ನಾಲ್ಕಕ್ಕೇ ಗೇರು ಬದಲಿಸುತ್ತಿದ್ದ,
ಹಿರಿಯರೆದುರಿನ ಮರ್ಯಾದೆ.
"ಇನ್ನೂ" ಅಂದೆ.
ಮೂರನೇ ತಿರುವು ಬಿಚ್ಚಿಕೊಂಡಾಗ
ಅವನು ಕಾಲು ತೆಗೆಯಲಿಲ್ಲ.
ನಾಲ್ಕು, ನಾಲ್ಕೂವರೆ (ಎಣಿಸುತ್ತಿದ್ದವಳು ನಾನೇ, ಜೋರಾಗಿ)
ಐದು.
ಮುಂದಿನದನ್ನು ಎಂಜಿನ್ನೇ ಹೇಳಿತು.

ಹಣ ಎರಡು ಕಂತಿನಲ್ಲಿ ಅಂದ. ಆಗಲಿ ಅಂದೆ.

ಇಳಿದು ಬರುವಾಗ ಕೋಂಢ್ವಾದ ಮೊದಲ ಉಬ್ಬು.
ಬ್ರೇಕು ಒತ್ತಿ ಹುಡುಗ ನನ್ನತ್ತ ನೋಡಿ ಹಿಂಜರಿದ.
ಅಷ್ಟರಲ್ಲಿ ನಾನು ಬಾಗಿಲು ತೆರೆದಾಗಿತ್ತು.
ಹೊಟ್ಟೆ ಉಜ್ಜದೆ ಅದು ದಾಟಿತು,
ಆಚೆ ಹೋಗಿ ಕಾದು ನಿಂತಿತು.
ನಾನು ಹಿಂದೆ ನಡೆದೆ, ಸೆರಗು ಸರಿಮಾಡಿಕೊಳ್ಳುತ್ತ,
ಬೇಕಂತಲೇ ಸ್ವಲ್ಪ ತಡವಾಗಿ.